ರಾಜನ ತಲೆ ಹೋದ ಮೇಲೆ ಟೋಪಿ ಯಾರಿಗೆ ತೆಗೆಯಬೇಕು?

ಪ್ರಶ್ನೆ: 17ನೇ ಶತಮಾನದ ಇಂಗ್ಲೆಂಡಿನ ಬಗ್ಗೆ ಓದುತ್ತಿದ್ದೇನೆ. 1640ರಿಂದ 1660ರ ನಡುವೆ ಲೆವೆಲರ್, ಡಿಗ್ಗರ್, ರ‍್ಯಾಂಟರ್, ಕ್ವೇಕರ್ ಅಂತ ಹತ್ತಾರು ಗುಂಪುಗಳ ಹೆಸರು ಬರುತ್ತದೆ. ಓದಿದಷ್ಟೂ ಗೊಂದಲ. ಇವು ಧರ್ಮದ ಪಂಥಗಳಾ, ರಾಜಕೀಯ ಪಕ್ಷಗಳಾ? ಇಷ್ಟೊಂದು ಗುಂಪುಗಳು ಒಂದೇ ಸಲ ಹುಟ್ಟಿದ್ದು ಹೇಗೆ? ಆಮೇಲೆ ಇವೆಲ್ಲ ಎಲ್ಲಿಗೆ ಹೋದವು?

ಉತ್ತರ: ಒಂದು ಸಣ್ಣ ಘಟನೆಯಿಂದ ಶುರು ಮಾಡುತ್ತೇನೆ.

1649ರ ಏಪ್ರಿಲ್ 20. ಲಂಡನ್ನಿನ ವೈಟ್‌ಹಾಲ್. ಇಲ್ಲೇ, ಅರಮನೆಯ ಹೊರಗೆ, ಒಂದನೇ ಚಾರ್ಲ್ಸ್ ರಾಜನ ತಲೆ ಕಡಿದು ಇನ್ನೂ ಮೂರು ತಿಂಗಳು ತುಂಬಿಲ್ಲ. ಈಗ ದೇಶದಲ್ಲಿ ಸೈನ್ಯದ್ದೇ ಮಾತು. ಸೇನಾಪತಿ ಫೇರ್‌ಫ್ಯಾಕ್ಸ್ ಎದುರಿಗೆ ಇಬ್ಬರು ಬಂದು ನಿಂತಿದ್ದಾರೆ. ಒಬ್ಬ ವಿಲಿಯಂ ಎವರಾರ್ಡ್, ಇನ್ನೊಬ್ಬ ಜೆರಾರ್ಡ್ ವಿನ್‌ಸ್ಟಾನ್ಲಿ. ಅವರ ಮೇಲಿರುವ ದೂರು ಏನು ಗೊತ್ತಾ? ಯಾರನ್ನೂ ಕೇಳದೆ ಒಂದು ಗುಡ್ಡ ಅಗೆದು ತರಕಾರಿ ಹಾಕಿದ್ದು. ಇಬ್ಬರೂ ತಲೆಯ ಮೇಲಿನ ಟೋಪಿ ತೆಗೆಯಲಿಲ್ಲ. ಯಾಕೆ ಅಂತ ಕೇಳಿದರೆ, ಸೇನಾಪತಿಯೂ ನಮ್ಮಂತೆಯೇ ದೇವರು ಮಾಡಿದ ಒಬ್ಬ ಜೀವ ತಾನೇ ಅಂದರು.

ಈಗ ನೀವೇ ಹೇಳಿ, ಇದು ಧರ್ಮವೋ ರಾಜಕೀಯವೋ? ಟೋಪಿ ತೆಗೆಯದಿರಲು ಅವರು ಕೊಟ್ಟ ಕಾರಣ ದೇವರದ್ದು. ಅವಮಾನ ಆಗಿದ್ದು ಸರ್ಕಾರಕ್ಕೆ. ಈ ಗುಂಪುಗಳ ಕಥೆಯೆಲ್ಲ ಹೀಗೇ. ಎರಡನ್ನೂ ಬಿಡಿಸಲು ಹೋದರೆ ಬಟ್ಟೆಯೇ ಹರಿಯುತ್ತದೆ.

ಇದಕ್ಕೆ ಕಾರಣ ಆ ಗುಂಪುಗಳ ವಿಚಿತ್ರ ಸ್ವಭಾವ ಅಂತ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಆಡಳಿತವೇ ಹಾಗಿತ್ತು. ಚರ್ಚಿನ ಮುಖ್ಯಸ್ಥ ರಾಜನೇ. ಬಿಷಪ್ಪರು ಪಾರ್ಲಿಮೆಂಟಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕೂರುತ್ತಿದ್ದರು. ಪುಸ್ತಕ ಅಚ್ಚಾಗಬೇಕಾದರೆ ಚರ್ಚಿನವರ ಒಪ್ಪಿಗೆ ಬೇಕಿತ್ತು. ಭಾನುವಾರ ಊರ ಚರ್ಚಿಗೆ ಹೋಗದಿದ್ದರೆ 12 ಪೆನ್ಸ್ ದಂಡ, ಅಂದರೆ ಹೆಚ್ಚುಕಡಿಮೆ ಒಬ್ಬ ಕೂಲಿಯವನ ದಿನದ ಸಂಪಾದನೆ. ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲು ಊರ ಪಾದ್ರಿಗೆ ಹೋಗಬೇಕು, ನಿಮಗೆ ಅವನ ಮಾತು ಹಿಡಿಸಲಿ ಬಿಡಲಿ. ಚಾರ್ಲ್ಸ್‌ನ ಅಪ್ಪ ಒಂದನೇ ಜೇಮ್ಸ್ 1604ರಲ್ಲೇ ಇದನ್ನು ನಾಲ್ಕು ಮಾತಿನಲ್ಲಿ ಹೇಳಿದ್ದ: ಬಿಷಪ್ಪರಿಲ್ಲ ಅಂದರೆ ರಾಜನೂ ಇಲ್ಲ. ಅವನ ಲೆಕ್ಕ ಸರಿಯಾಗಿತ್ತು. 1640ರ ದಶಕದಲ್ಲಿ ಮೊದಲು ಬಿಷಪ್ಪರು ಹೋದರು, ಆಮೇಲೆ ರಾಜ.

ಇಂಥ ವ್ಯವಸ್ಥೆಯಲ್ಲಿ ಒಬ್ಬ ಚಮ್ಮಾರ "ನಾನು ಪಾದ್ರಿಗೆ ಪಾಲು ಕೊಡಲ್ಲ" ಅಂದರೆ ಅದು ತೆರಿಗೆಯ ಪ್ರಶ್ನೆ, ಆಸ್ತಿಯ ಪ್ರಶ್ನೆ, ರಾಜ್ಯದ ಪ್ರಶ್ನೆ. "ದೇವರು ನನ್ನ ಜೊತೆ ನೇರವಾಗಿ ಮಾತಾಡುತ್ತಾನೆ" ಅಂದರೆ ಇನ್ನೂ ದೊಡ್ಡ ತಲೆನೋವು. ಆಗ ಮಧ್ಯದವರ ಕೆಲಸ ಏನು?

ಈ ಮಧ್ಯದವರನ್ನು ನೆನಪಿಟ್ಟುಕೊಳ್ಳಿ. ದೇವರಿಗೂ ನಿಮಗೂ ಮಧ್ಯೆ ಪಾದ್ರಿ, ಕಾನೂನಿಗೂ ನಿಮಗೂ ಮಧ್ಯೆ ವಕೀಲ, ನೆಲಕ್ಕೂ ನಿಮಗೂ ಮಧ್ಯೆ ಜಮೀನ್ದಾರ. ಒಂದೊಂದು ಗುಂಪು ಇವರಲ್ಲಿ ಒಬ್ಬನನ್ನು ಹಿಡಿದುಕೊಂಡಿತು. ಕೆಲವರು ಮೂವರನ್ನೂ.

ಇಷ್ಟೊಂದು ಗುಂಪು ಒಂದೇ ಸಲ ಹೇಗೆ ಬಂದವು ಅಂದಿರಿ. ಜನರ ತಲೆಯಲ್ಲಿ ಯೋಚನೆಗಳು ಮೊದಲೂ ಇದ್ದವು, ಗುಟ್ಟಾಗಿ. 1641ರ ಬೇಸಿಗೆಯಲ್ಲಿ ಪಾರ್ಲಿಮೆಂಟು ಸ್ಟಾರ್ ಚೇಂಬರ್ ಎಂಬ ರಾಜನ ವಿಶೇಷ ಕೋರ್ಟನ್ನು ಮುಚ್ಚಿಸಿತು. ಅಚ್ಚಿನ ಮೇಲಿನ ಹಿಡಿತವೂ ಅದರ ಜೊತೆ ಸಡಿಲವಾಯಿತು. ಮುಂದಿನ ವರ್ಷ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿಕೊಂಡಿತು. ತಡೆಯಲು ಯಾರಿಗೂ ಪುರಸೊತ್ತಿರಲಿಲ್ಲ. ಲಂಡನ್ನಿನಲ್ಲಿ ಜಾರ್ಜ್ ಥಾಮಸನ್ ಅಂತ ಒಬ್ಬ ಪುಸ್ತಕ ವ್ಯಾಪಾರಿ ಇದ್ದ. ಕೈಗೆ ಸಿಕ್ಕ ಕರಪತ್ರ, ಸುದ್ದಿಹಾಳೆ, ಪುಸ್ತಿಕೆ ಎಲ್ಲವನ್ನೂ 1640ರಿಂದ ಕೂಡಿಡುತ್ತಾ ಹೋದ. ಎಷ್ಟೋ ಪ್ರತಿಗಳ ಮೇಲೆ ಅದು ಸಿಕ್ಕ ದಿನಾಂಕವನ್ನೂ ಕೈಯಲ್ಲಿ ಬರೆದಿಟ್ಟ. 1661ರ ಹೊತ್ತಿಗೆ ಸುಮಾರು 22,000 ಸೇರಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ನಮ್ಮಂಥವರ ಹೊಟ್ಟೆಪಾಡು ನಡೆಯುತ್ತಿರುವುದು ಆ ಪುಣ್ಯಾತ್ಮನ ಹುಚ್ಚಿನಿಂದ.

ಅಚ್ಚು ಒಂದು ಕಡೆ, ಸೈನ್ಯ ಇನ್ನೊಂದು ಕಡೆ. 1645ರಲ್ಲಿ ಪಾರ್ಲಿಮೆಂಟು ಕಟ್ಟಿದ ಹೊಸ ಸೈನ್ಯದಲ್ಲಿ ಎಲ್ಲ ಬಗೆಯ ಜನ ಇದ್ದರು. ಸಿಪಾಯಿಯೇ ಎದ್ದು ನಿಂತು ಬೈಬಲ್ ಬೋಧನೆ ಮಾಡುತ್ತಿದ್ದ. ಯುದ್ಧ ಗೆದ್ದ ಮೇಲೆ ಪಾರ್ಲಿಮೆಂಟು ಏನು ಮಾಡಿತು? ಬಾಕಿ ಸಂಬಳ ಪೂರ್ತಿ ಕೊಡದೆ ಮನೆಗೆ ಕಳಿಸಲು ನೋಡಿತು. 1647ರಲ್ಲಿ ರೆಜಿಮೆಂಟುಗಳು ತಮ್ಮೊಳಗೇ ಪ್ರತಿನಿಧಿಗಳನ್ನು ಆರಿಸಿಕೊಂಡವು. ಸಂಬಳದ ಜಗಳ ಬೇಗ ಬೇರೆ ದಿಕ್ಕಿಗೆ ತಿರುಗಿತು. ನಾವು ಪ್ರಾಣ ಕೊಟ್ಟದ್ದು ಯಾವುದಕ್ಕೆ? ಈ ದೇಶದಲ್ಲಿ ನಮಗೇನು ಪಾಲಿದೆ?

ಇಲ್ಲಿಗೆ ಲೆವೆಲರ್‌ಗಳು ಬರುತ್ತಾರೆ. ಆ ಹೆಸರು ಬೈಗುಳ. ಅದಕ್ಕೆ ಮುಂಚೆ, 1607ರಲ್ಲಿ, ಊರ ಸಾಮೂಹಿಕ ಭೂಮಿಗೆ ಜಮೀನ್ದಾರರು ಹಾಕಿದ ಬೇಲಿಗಳನ್ನು ಕಿತ್ತು ನೆಲಸಮ ಮಾಡಿದವರನ್ನು ಹಾಗೆ ಕರೆಯುತ್ತಿದ್ದರು. ಈಗ ಅದನ್ನು ಎಲ್ಲರ ಆಸ್ತಿಯನ್ನೂ ಸಮ ಮಾಡುವವರು ಅನ್ನುವ ಅರ್ಥದಲ್ಲಿ ಇವರಿಗೆ ಅಂಟಿಸಿದರು. ಅವರು ಮಾತ್ರ ಆಸ್ತಿಯ ತಂಟೆಗೆ ನಾವು ಬರುವುದಿಲ್ಲ ಅಂತ ಕೊನೆಯವರೆಗೂ ಹೇಳುತ್ತಲೇ ಇದ್ದರು. ಅವರು ಕೇಳಿದ್ದು ಹೆಚ್ಚು ಜನರಿಗೆ ಮತ, ಆಗಾಗ ಚುನಾವಣೆ, ಕಾನೂನಿನ ಮುಂದೆ ಎಲ್ಲರೂ ಒಂದೇ, ಯಾರ ನಂಬಿಕೆಗೂ ಬಲವಂತ ಇಲ್ಲ, ಕಾನೂನು ಇಂಗ್ಲಿಷಿನಲ್ಲಿ ಇರಬೇಕು. ಕೊನೆಯದನ್ನು ಓದಿ ನಗು ಬಂತೇ? ಇಂಗ್ಲೆಂಡಿನ ಕೋರ್ಟುಗಳ ದಾಖಲೆ ಆಗ ಲ್ಯಾಟಿನ್ನಿನಲ್ಲಿ ಇರುತ್ತಿತ್ತು, ವಕೀಲರ ವರದಿಗಳು ಒಂದು ಹಳಸಿದ ಫ್ರೆಂಚಿನಲ್ಲಿ. ತನ್ನ ಮೇಲೆ ಏನು ಬರೆದಿದ್ದಾರೆ ಅಂತ ಕಕ್ಷಿದಾರನಿಗೇ ಗೊತ್ತಾಗುತ್ತಿರಲಿಲ್ಲ. ಕೋರ್ಟಿನ ಭಾಷೆಯ ಈ ಸಂಕಟ ನಮಗೇನೂ ಹೊಸದಲ್ಲ, ಅಲ್ವಾ?

ಈ ಗುಂಪಿನ ಮುಖ ಜಾನ್ ಲಿಲ್‌ಬರ್ನ್. ಅವನಷ್ಟು ಜಗಳಗಂಟ ಮನುಷ್ಯನನ್ನು ಇತಿಹಾಸದಲ್ಲಿ ಹುಡುಕುವುದು ಕಷ್ಟ. ಲೋಕದಲ್ಲಿ ಲಿಲ್‌ಬರ್ನ್ ಒಬ್ಬನೇ ಉಳಿದರೆ ಲಿಲ್‌ಬರ್ನ್ ಜಾನ್ ಮೇಲೂ ಜಾನ್ ಲಿಲ್‌ಬರ್ನ್ ಮೇಲೂ ಜಗಳಕ್ಕೆ ಬೀಳುತ್ತಾರೆ ಅಂತ ಆಗಲೇ ಒಂದು ತಮಾಷೆ ಇತ್ತು. 1638ರಲ್ಲಿ ಅವನಿಗೆ ಇನ್ನೂ ಇಪ್ಪತ್ತರ ಹರೆಯ. ನಿಷೇಧಿತ ಪುಸ್ತಕ ತರಿಸಿದ ಅಂತ ಸ್ಟಾರ್ ಚೇಂಬರ್ ಹಿಡಿದುಕೊಂಡಿತು. ಅಲ್ಲಿನ ಪದ್ಧತಿ ಹೀಗೆ: ಮೊದಲು ಪ್ರಮಾಣ ಮಾಡು, ಕೇಳಿದ್ದಕ್ಕೆಲ್ಲ ನಿಜ ಹೇಳುತ್ತೇನೆ ಅಂತ. ಏನು ಕೇಳುತ್ತೇವೆ ಅಂತ ಆಮೇಲೆ ನೋಡೋಣ. ಲಿಲ್‌ಬರ್ನ್ ಪ್ರಮಾಣ ಮಾಡಲಿಲ್ಲ. ನನ್ನ ಬಾಯಿಂದಲೇ ನನ್ನ ಕುತ್ತಿಗೆಗೆ ಹಗ್ಗ ಹಾಕಿಸಿಕೊಳ್ಳಲ್ಲ ಅನ್ನುವುದು ಅವನ ವಾದ. ಗಾಡಿಯ ಹಿಂದೆ ಕಟ್ಟಿ, ಫ್ಲೀಟ್ ಜೈಲಿನಿಂದ ವೆಸ್ಟ್‌ಮಿನ್‌ಸ್ಟರ್‌ವರೆಗೆ ಬರಿಮೈ ಮೇಲೆ ಚಾಟಿಯಿಂದ ಹೊಡೆಯುತ್ತಾ ಎಳೆದೊಯ್ದರು. ಅಲ್ಲಿ ಕುತ್ತಿಗೆಯನ್ನು ಮರದ ಚೌಕಟ್ಟಿಗೆ ಸಿಕ್ಕಿಸಿ ನಿಲ್ಲಿಸಿದರು. ಅವನು ಅಲ್ಲಿಂದಲೇ ಭಾಷಣ ಶುರು ಮಾಡಿದ. ಜೇಬಿನಲ್ಲಿದ್ದ ಪುಸ್ತಿಕೆಗಳನ್ನು ತೆಗೆದು ಜನರತ್ತ ಎಸೆದ! ಜೇಬಿನಲ್ಲಿದ್ದ ಪುಸ್ತಿಕೆಗಳನ್ನು ತೆಗೆದು ಜನರತ್ತ ಎಸೆದ!

ಇದು ಸುಮ್ನೆ ಹೇಳಿದ ರೋಚಕ ಕಥೆಯಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1966ರಲ್ಲಿ, ಪೊಲೀಸರು ಹಿಡಿದಾಗ ಸುಮ್ಮನಿರುವ ಹಕ್ಕು ಇದೆ ಅಂತ ಹೇಳಿದ ಪ್ರಸಿದ್ಧ ಮಿರಾಂಡಾ ತೀರ್ಪಿನಲ್ಲಿ, ಆ ಹಕ್ಕಿನ ಬೇರು ಹುಡುಕುತ್ತಾ ಲಿಲ್‌ಬರ್ನ್‌ನ ಹೆಸರು ಬರೆಯಿತು. ನಮ್ಮ ಸಂವಿಧಾನದ 20(3)ನೇ ವಿಧಿಯೂ ಅದೇ ಇಂಗ್ಲಿಷ್ ಕಾನೂನಿನ ಪರಂಪರೆಯಿಂದ ಬಂದದ್ದು. ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವಂತಿಲ್ಲ.

ಲೆವೆಲರ್‌ಗಳ ದೊಡ್ಡ ಗಳಿಗೆ 1647ರ ಅಕ್ಟೋಬರ್ ಕೊನೆಯಲ್ಲಿ ಬಂತು. ಥೇಮ್ಸ್ ದಂಡೆಯ ಪಟ್ನಿ ಎಂಬ ಊರಿನ ಸೇಂಟ್ ಮೇರಿ ಚರ್ಚು. ಸೈನ್ಯದ ದೊಡ್ಡ ಅಧಿಕಾರಿಗಳು, ಸಿಪಾಯಿಗಳ ಪ್ರತಿನಿಧಿಗಳು, ಲಂಡನ್ನಿನ ಕೆಲವು ಲೆವೆಲರ್‌ಗಳು ಒಟ್ಟಿಗೆ ಕೂತರು. ಸೈನ್ಯದ ದೊಡ್ಡ ನಾಯಕ, ಆಮೇಲೆ ದೇಶವನ್ನೇ ಆಳಿದ ಕ್ರಾಮ್‌ವೆಲ್ ಕೂಡ ಇದ್ದ. ಚರ್ಚೆ ಮತದ ಹಕ್ಕಿನ ಮೇಲೆ ಬಂದು ನಿಂತಿತು. ಕರ್ನಲ್ ರೇನ್ಸ್‌ಬರೋ ಹೇಳಿದ ಮಾತು ಇವತ್ತಿಗೂ ಓದಿದರೆ ಮೈ ಜುಂ ಅನ್ನುತ್ತದೆ. ಇಂಗ್ಲೆಂಡಿನ ಅತಿ ಬಡವನಿಗೂ ಅತಿ ದೊಡ್ಡವನಂತೆಯೇ ಬಾಳಲು ಒಂದು ಬದುಕಿದೆ, ಆದ್ದರಿಂದ ಒಂದು ಸರ್ಕಾರದ ಕೆಳಗೆ ಬದುಕಬೇಕಾದವನು ಮೊದಲು ತಾನೇ ಅದಕ್ಕೆ ಒಪ್ಪಿರಬೇಕು ಅಂದ. ಕ್ರಾಮ್‌ವೆಲ್‌ನ ಅಳಿಯ ಐರ್‌ಟನ್ ಒಪ್ಪಲಿಲ್ಲ. ಈ ನೆಲದಲ್ಲಿ ಗಟ್ಟಿಯಾದ ಆಸ್ತಿಪಾಸ್ತಿ ಇರುವವನಿಗೇ ಮತ, ಇವತ್ತು ಇಲ್ಲಿದ್ದು ನಾಳೆ ಎಲ್ಲೋ ಹೋಗುವವನಿಗೆ ಕೊಟ್ಟರೆ ನಾಳೆ ಅವನು ಆಸ್ತಿಗೇ ಕೈ ಹಾಕುತ್ತಾನೆ ಅನ್ನುವುದು ಅವನ ವಾದ. ಚರ್ಚೆ ನಡುವೆ ನಿಂತದ್ದು ಪ್ರಾರ್ಥನೆಗಾಗಿ. ಮುಂದೇನು ಮಾಡಬೇಕು ಅನ್ನುವ ಬಗ್ಗೆ ದೇವರ ಮನಸ್ಸಿನಲ್ಲೇನಿದೆ ಅಂತ ತಿಳಿಯಲು ಒಂದು ಬೆಳಿಗ್ಗೆಯನ್ನೇ ಮೀಸಲಿಟ್ಟರು. ನಿಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈ ಮಾತುಕತೆ ನಮಗೆ ಸಿಕ್ಕಿರುವುದು ವಿಲಿಯಂ ಕ್ಲಾರ್ಕ್ ಎಂಬ ಗುಮಾಸ್ತನಿಂದ. ಕೂತು ಶೀಘ್ರಲಿಪಿಯಲ್ಲಿ ಬರೆದುಕೊಂಡ. ಆ ಕಾಗದಗಳು ಇನ್ನೂರು ವರ್ಷಕ್ಕೂ ಜಾಸ್ತಿ ಯಾರೂ ಓದದೆ ಬಿದ್ದಿದ್ದವು. 1890ರ ಸುಮಾರಿಗೆ ಆಕ್ಸ್‌ಫರ್ಡಿನ ವೂಸ್ಟರ್ ಕಾಲೇಜಿನಲ್ಲಿ ಬೆಳಕಿಗೆ ಬಂದವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಲೆವೆಲರ್‌ಗಳನ್ನು ನಮ್ಮ ಕಾಲದ ಪ್ರಜಾಪ್ರಭುತ್ವದ ಹೀರೋಗಳಂತೆ ತೋರಿಸುವುದು ಈಗ ವಾಡಿಕೆ. ಅವರ ಕರಡುಗಳನ್ನು ಓದಿದರೆ ಮತದ ಪಟ್ಟಿಯಿಂದ ಮನೆಯಾಳುಗಳನ್ನು, ಭಿಕ್ಷೆಯ ಮೇಲೆ ಬದುಕುವವರನ್ನು ಹೊರಗಿಟ್ಟಿದ್ದಾರೆ. ಹೆಂಗಸರ ಮಾತಂತೂ ಇಲ್ಲವೇ ಇಲ್ಲ. ಆದರೆ ಹೆಂಗಸರು ಸುಮ್ಮನೆ ಕೂರಲಿಲ್ಲ. 1649ರ ಏಪ್ರಿಲ್‌ನಲ್ಲಿ ಲಿಲ್‌ಬರ್ನ್ ಮತ್ತು ಜೊತೆಯವರನ್ನು ಲಂಡನ್ ಟವರಿಗೆ ಹಾಕಿದ್ದಾಗ ನೂರಾರು ಹೆಂಗಸರು ಪಾರ್ಲಿಮೆಂಟಿನ ಬಾಗಿಲಿಗೆ ಅರ್ಜಿ ಹಿಡಿದು ಬಂದರು. ಮನೆಗೆ ಹೋಗಿ ಪಾತ್ರೆ ತೊಳೆಯಿರಿ ಅಂತ ಉತ್ತರ ಸಿಕ್ಕಿತು. ಮೇ ತಿಂಗಳಲ್ಲಿ ಇನ್ನೊಂದು ಅರ್ಜಿ ತಂದರು. ಕ್ರಿಸ್ತನಲ್ಲಿ ಗಂಡಸರಷ್ಟೇ ಪಾಲು ನಮಗೂ ಇದೆ, ಹಾಗಿದ್ದ ಮೇಲೆ ಈ ರಾಜ್ಯದ ಸ್ವಾತಂತ್ರ್ಯದಲ್ಲೂ ಪಾಲಿದೆ ಅಂತ ಅದರಲ್ಲಿ ಬರೆದಿತ್ತು. ಮತ್ತೆ ನೋಡಿ, ಹಕ್ಕು ಕೇಳಿದ್ದು ದೇವರ ಮೂಲಕ.

ಅದೇ ಮೇ ತಿಂಗಳಲ್ಲಿ ಲೆವೆಲರ್‌ಗಳ ಕಥೆ ಹೆಚ್ಚುಕಡಿಮೆ ಮುಗಿಯಿತು. ಐರ್ಲೆಂಡಿಗೆ ಯುದ್ಧಕ್ಕೆ ಹೋಗಲ್ಲ, ಮೊದಲು ನಮ್ಮ ಬೇಡಿಕೆ ಕೇಳಿ ಅಂತ ಕೆಲವು ರೆಜಿಮೆಂಟುಗಳು ತಿರುಗಿಬಿದ್ದವು. ಕ್ರಾಮ್‌ವೆಲ್ ರಾತ್ರೋರಾತ್ರಿ ಬರ್‌ಫರ್ಡ್ ಊರಿಗೆ ನುಗ್ಗಿ 300ಕ್ಕೂ ಹೆಚ್ಚು ಜನರನ್ನು ಹಿಡಿದು ಅಲ್ಲಿನ ಚರ್ಚಿನಲ್ಲಿ ಕೂಡಿಹಾಕಿದ. ಮೇ 17ರಂದು ಮೂವರನ್ನು ಚರ್ಚಿನ ಅಂಗಳದಲ್ಲಿ ಗುಂಡಿಟ್ಟು ಕೊಂದರು. ಒಳಗಿದ್ದ ಒಬ್ಬ ಸಿಪಾಯಿ, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ತೊಟ್ಟಿಯ ಅಂಚಿನ ಸೀಸದ ಮೇಲೆ ಹೆಸರು ಕೆತ್ತಿದ: ಆಂಟನಿ ಸೆಡ್ಲಿ, 1649, ಕೈದಿ. ಕೈದಿ ಅನ್ನುವ ಇಂಗ್ಲಿಷ್ ಪದದಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ. ಇವತ್ತು ಹೋದರೂ ಕಾಣುತ್ತದೆ. ಸಾಯುತ್ತೇನೋ ಉಳಿಯುತ್ತೇನೋ ಗೊತ್ತಿಲ್ಲದವನ ಕೈಬರಹ ಅದು. ಲಿಲ್‌ಬರ್ನ್‌ನನ್ನು ಅಕ್ಟೋಬರಿನಲ್ಲಿ ರಾಜದ್ರೋಹದ ಮೊಕದ್ದಮೆಗೆ ತಂದರು. ಜ್ಯೂರಿ ಬಿಟ್ಟುಕಳಿಸಿತು, ಲಂಡನ್ ಬೀದಿಗಳಲ್ಲಿ ಸಂಭ್ರಮದ ಬೆಂಕಿ ಉರಿಯಿತು. ಆದರೆ ಚಳವಳಿಯ ಬೆನ್ನುಮೂಳೆ ಸೈನ್ಯದಲ್ಲಿತ್ತು, ಅದು ಬರ್‌ಫರ್ಡಿನಲ್ಲಿ ಮುರಿದಿತ್ತು.

ಈಗ ಟೋಪಿ ತೆಗೆಯದ ಆ ಇಬ್ಬರ ಕಡೆಗೆ, ಅಂದರೆ ಡಿಗ್ಗರ್‌ಗಳ (ಅಗೆಯುವವರ) ಕಡೆಗೆ ಬರೋಣ. ವಿನ್‌ಸ್ಟಾನ್ಲಿ ಲಂಡನ್ನಿನಲ್ಲಿ ಬಟ್ಟೆ ವ್ಯಾಪಾರಿ. ಯುದ್ಧದಲ್ಲಿ ವ್ಯಾಪಾರ ಬಿದ್ದು 1643ರಲ್ಲಿ ದಿವಾಳಿ ಎದ್ದ. ಸರ್ರೆಯ ಕೋಬಮ್ ಎಂಬ ಕಡೆ ಹೋಗಿ ಬೇರೆಯವರ ದನ ಕಾಯತೊಡಗಿದ. ನಲವತ್ತರ ಹತ್ತಿರ ವಯಸ್ಸು. ಆ ವರ್ಷಗಳಲ್ಲಿ ಸಾಲಾಗಿ ಮಳೆ-ಬೆಳೆ ಕೆಟ್ಟು ಧಾನ್ಯದ ಬೆಲೆ ಆಕಾಶಕ್ಕೇರಿತ್ತು. ಒಂದು ದಿನ ಧ್ಯಾನದಂಥ ಸ್ಥಿತಿಯಲ್ಲಿ ಅವನಿಗೆ ಮಾತು ಕೇಳಿಸಿತಂತೆ: ಒಟ್ಟಿಗೆ ದುಡಿಯಿರಿ, ಒಟ್ಟಿಗೆ ಉಣ್ಣಿರಿ, ಇದನ್ನು ಎಲ್ಲೆಡೆ ಸಾರಿರಿ. 1649ರ ಏಪ್ರಿಲ್ 1ರಂದು ಕೆಲವೇ ಜನ ಸೇಂಟ್ ಜಾರ್ಜ್ ಹಿಲ್ ಎಂಬ ಬರಡು ಗುಡ್ಡಕ್ಕೆ ಗುದ್ದಲಿ ಹೊತ್ತು ಹೋದರು. ಕ್ಯಾರೆಟ್, ಪಾರ್ಸ್‌ನಿಪ್ ಗೆಡ್ಡೆ, ಅವರೆ ಜಾತಿಯ ಕಾಳು ಹಾಕಿದರು. ಬಂದವರಿಗೆ ಊಟ, ಬಟ್ಟೆ ಕೊಡುತ್ತೇವೆ, ಹತ್ತು ದಿನದಲ್ಲಿ ನಾಲ್ಕೈದು ಸಾವಿರ ಜನ ಆಗುತ್ತೇವೆ ಅಂತ ಹೇಳಿಕೊಂಡರು. ಇದೆಲ್ಲ ಗೊತ್ತಿರುವುದು ಹೆನ್ರಿ ಸ್ಯಾಂಡರ್ಸ್ ಅಂತ ಒಬ್ಬ ಸ್ಥಳೀಯ ಗಾಬರಿಯಾಗಿ ಸರ್ಕಾರಕ್ಕೆ ಬರೆದ ಕಾಗದದಿಂದ. ಇವರ ತಲೆಯಲ್ಲಿ ಏನೋ ಹುನ್ನಾರ ಇರಬಹುದು ಅನ್ನುವುದು ಅವನ ಭಯ. ವಿಚಾರಿಸಲು ಹೋದ ಕ್ಯಾಪ್ಟನ್ ಮಾತ್ರ, ತಲೆ ಕೆಡಿಸಿಕೊಳ್ಳುವಂಥದ್ದೇನಿಲ್ಲ ಅಂತ ವರದಿ ಕೊಟ್ಟ.

ವಿನ್‌ಸ್ಟಾನ್ಲಿಯ ವಾದ ಸರಳ. ಭೂಮಿಯನ್ನು ದೇವರು ಎಲ್ಲರಿಗೂ ಸೇರಿ ಕೊಟ್ಟ. 1066ರಲ್ಲಿ ನಾರ್ಮಂಡಿಯ ವಿಲಿಯಂ ಕತ್ತಿಯಿಂದ ಅದನ್ನು ಕಿತ್ತು ತನ್ನ ಸರದಾರರಿಗೆ ಹಂಚಿದ. ಈಗಿನ ಜಮೀನ್ದಾರರು ಆ ಸರದಾರರ ವಾರಸುದಾರರು. ವಿಲಿಯಂನ ಕೊನೆಯ ವಾರಸುದಾರ ಚಾರ್ಲ್ಸ್‌ನ ತಲೆ ತೆಗೆದಿರಿ, ಸರಿ. ಹಾಗಾದರೆ ಅವನ ಕಾಲಾಳುಗಳಂತೆ ಇರುವ ಜಮೀನ್ದಾರರನ್ನು ಮಾತ್ರ ಯಾಕೆ ಬಿಟ್ಟಿರಿ? ದೇವರು ಅನ್ನುವ ಪದವನ್ನು ಕೇಳಿ ಕೇಳಿ ಜನ ಕತ್ತಲಲ್ಲಿ ಬಿದ್ದಿದ್ದಾರೆ ಅಂತ ಅವನು ಅದರ ಬದಲು ವಿವೇಕ ಅನ್ನುವ ಪದ ಬಳಸುತ್ತಿದ್ದ. ಇಷ್ಟು ಹೇಳಿದ ಮೇಲೂ ಅವನ ಬರಹದಲ್ಲಿ ಬೈಬಲ್ ಇಲ್ಲದ ಪುಟ ಸಿಗುವುದು ಕಷ್ಟ.

ಊರ ದೊಡ್ಡವರು ಸುಮ್ಮನಿರುತ್ತಾರಾ? ಜೂನ್‌ನಲ್ಲಿ ಹೆಂಗಸರ ಬಟ್ಟೆ ಹಾಕಿಕೊಂಡ ಗಂಡಸರ ಗುಂಪು ಬಂದು ನಾಲ್ವರು ಡಿಗ್ಗರ್‌ಗಳನ್ನು ಸಾಯುವ ಹಾಗೆ ಬಡಿಯಿತು. ಆಮೇಲೆ ಕೋರ್ಟು. ಡಿಗ್ಗರ್‌ಗಳು ವಕೀಲನಿಗೆ ದುಡ್ಡು ಕೊಡಲ್ಲ, ನಮ್ಮ ಮಾತು ನಾವೇ ಆಡುತ್ತೇವೆ ಅಂದರು. ವಕೀಲನಿಲ್ಲದೆ ಮಾತಿಗೆ ಅವಕಾಶವೇ ಸಿಗಲಿಲ್ಲ. ದಂಡ ಬಿತ್ತು. ವಿನ್‌ಸ್ಟಾನ್ಲಿ ಕಾಯುತ್ತಿದ್ದ ದನಗಳನ್ನು ಹೊಡೆದುಕೊಂಡು ಹೋದರು, ಅವು ಅವನವೂ ಆಗಿರಲಿಲ್ಲ. ಆಗಸ್ಟಿನಲ್ಲಿ ಗುಡ್ಡ ಬಿಟ್ಟು ಪಕ್ಕದ ಲಿಟಲ್ ಹೀತ್‌ಗೆ ಹೋದರು. 1650ರ ಈಸ್ಟರ್ ಹೊತ್ತಿಗೆ ಜಾನ್ ಪ್ಲ್ಯಾಟ್ ಎಂಬ ಪಾದ್ರಿ, ಜಮೀನ್ದಾರನೂ ಅವನೇ, ಆಳುಗಳನ್ನು ಕಟ್ಟಿಕೊಂಡು ಬಂದು ಗುಡಿಸಲುಗಳಿಗೆ ಬೆಂಕಿ ಇಟ್ಟ. ಅಲ್ಲಿಗೆ ಮುಗಿಯಿತು. ಇಡೀ ಪ್ರಯೋಗ ಒಂದು ವರ್ಷದ್ದು.

ಆ ಗುಡ್ಡ ಈಗ ಹೇಗಿದೆ ಅಂತ ಕೇಳಿದರೆ ನಂಬಲ್ಲ. ಗೇಟು, ಕಾವಲುಗಾರರು ಇರುವ ಖಾಸಗಿ ಬಡಾವಣೆ. ಗಾಲ್ಫ್ ಮೈದಾನ, ಟೆನಿಸ್ ಕ್ಲಬ್. ಬ್ರಿಟನ್ನಿನ ಅತಿ ದುಬಾರಿ ಮನೆಗಳಲ್ಲಿ ಕೆಲವು ಅಲ್ಲಿವೆ.

ವಿನ್‌ಸ್ಟಾನ್ಲಿ ಹುತಾತ್ಮನಾಗಲಿಲ್ಲ. ಕೋಬಮ್‌ನಲ್ಲೇ ಉಳಿದ, ಮಾವನ ಕಡೆಯಿಂದ ಜಮೀನು ಬಂತು. ಆಮೇಲೆ ಊರ ರಸ್ತೆ ನೋಡಿಕೊಳ್ಳುವವನಾದ, ಚರ್ಚಿನ ಪಾರುಪತ್ಯಗಾರನಾದ, ಕೊನೆಗೆ ಆ ಭಾಗದ ಮುಖ್ಯ ಕಾನ್‌ಸ್ಟೇಬಲ್ ಆದ! 1676ರಲ್ಲಿ ತೀರಿಕೊಂಡಾಗ ಕ್ವೇಕರ್‌ಗಳ ದಾಖಲೆಯಲ್ಲಿ ಅವನ ಸಾವು ಸೇರಿದೆ. ಕೆಲವರು ಇದನ್ನು ಸೋಲು ಅನ್ನುತ್ತಾರೆ. ನನಗೇನೋ ಅದು ಸಂಸಾರ ನಡೆಸಬೇಕಾದ ಮನುಷ್ಯನ ಬಾಳು ಅನ್ನಿಸುತ್ತದೆ.

ರ‍್ಯಾಂಟರ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಅವರನ್ನು ಒಂದು ಗುಂಪು ಅನ್ನಬಹುದೇ ಅನ್ನುವುದೇ ಪ್ರಶ್ನೆ. ದೇವರು ಎಲ್ಲದರಲ್ಲೂ ಇದ್ದಾನೆ, ನಿಜವಾಗಿ ಅರಿತವನಿಗೆ ಪಾಪ ಅನ್ನುವುದಿಲ್ಲ ಅಂತ ಬರೆದವರು ಕೆಲವರಿದ್ದರು. ಅಬೀಜರ್ ಕೊಪ್ಪೆ ಅವರಲ್ಲಿ ಮುಖ್ಯ. ಅವನ ಪುಸ್ತಕವನ್ನು ಪಾರ್ಲಿಮೆಂಟು ಸುಡಿಸಿತು. 1650ರಲ್ಲಿ ದೇವನಿಂದೆಯ ವಿರುದ್ಧ ಕಾನೂನೇ ಬಂತು. ಆದರೆ ಕುಡಿದು, ಬೆತ್ತಲೆ ಕುಣಿದು, ಹೆಂಡತಿಯರನ್ನು ಹಂಚಿಕೊಳ್ಳುವ ರ‍್ಯಾಂಟರ್‌ಗಳ ಕಥೆಗಳೆಲ್ಲ ಬಂದಿರುವುದು ಅವರನ್ನು ಬೈಯುವ, ಚಿತ್ರ ಹಾಕಿ ಚೆನ್ನಾಗಿ ಮಾರಾಟವಾಗುತ್ತಿದ್ದ ಅಗ್ಗದ ಪುಸ್ತಿಕೆಗಳಿಂದ. ಅಂಥ ಚಳವಳಿಯೇ ಇರಲಿಲ್ಲ ಅಂತ ಜೆ. ಸಿ. ಡೇವಿಸ್ ಎಂಬ ಇತಿಹಾಸಕಾರ 1986ರಲ್ಲಿ ವಾದಿಸಿ ದೊಡ್ಡ ಗಲಾಟೆ ಎಬ್ಬಿಸಿದರು. ನನ್ನ ಮಟ್ಟಿಗೆ, ಬರಹಗಾರರು ನಿಜ, ಪಂಥ ಅನ್ನುವುದು ಮುಕ್ಕಾಲು ಪಾಲು ಪುಕಾರು.

ಗುಂಪು ಅನ್ನುವ ಮಾತೇ ಎಷ್ಟು ಸಡಿಲ ಅಂತ ತಿಳಿಯಬೇಕಾದರೆ ಲಾರೆನ್ಸ್ ಕ್ಲಾರ್ಕ್‌ಸನ್‌ನ ಬಾಳು ನೋಡಿ. ಹುಟ್ಟಿದ್ದು ಇಂಗ್ಲೆಂಡ್ ಚರ್ಚಿನಲ್ಲಿ. ಅಲ್ಲಿಂದ ಪ್ರೆಸ್‌ಬಿಟೀರಿಯನ್, ಆಮೇಲೆ ಇಂಡಿಪೆಂಡೆಂಟ್, ಆಮೇಲೆ ಬ್ಯಾಪ್ಟಿಸ್ಟ್, ಯಾವ ಚರ್ಚೂ ಸರಿಯಿಲ್ಲ ಅನ್ನುವ ಸೀಕರ್, ಅಲ್ಲಿಂದ ರ‍್ಯಾಂಟರ್, ಕೊನೆಗೆ ಮಗಲ್ಟೋನಿಯನ್ (ಇವರ ಕಥೆ ಕೊನೆಯಲ್ಲಿ ಹೇಳುತ್ತೇನೆ). ಎಲ್ಲವನ್ನೂ 1660ರಲ್ಲಿ ತಾನೇ ಒಂದು ಆತ್ಮಕಥೆಯಲ್ಲಿ ಬರೆದಿಟ್ಟ, ಒಂಚೂರೂ ನಾಚಿಕೆ ಇಲ್ಲದೆ. ಇವತ್ತಿನ ಪಕ್ಷಾಂತರಿಗಳು ಅವನ ಮುಂದೆ ಮಕ್ಕಳು. ಆದರೆ ಅವನು ಕುರ್ಚಿಗಾಗಿ ಓಡಾಡಲಿಲ್ಲ. ಮನಸ್ಸಿಗೆ ಒಪ್ಪುವುದನ್ನು ಹುಡುಕುತ್ತಾ ಊರೂರು ಅಲೆದ, ನಡುವೆ ಜೈಲೂ ಕಂಡ. ಆ ಇಪ್ಪತ್ತು ವರ್ಷಗಳಲ್ಲಿ ಹೀಗೆ ಅಲೆದವರು ತುಂಬಾ ಜನ. ಲಿಲ್‌ಬರ್ನ್ ಕೂಡ ಕೊನೆಗೆ ಕ್ವೇಕರ್ ಆಗಿಯೇ 1657ರಲ್ಲಿ ಸತ್ತ.

ಹೀಗೆ ಸೋತವರೆಲ್ಲ ಬಂದು ಸೇರಿದ ಹೊಳೆ ಕ್ವೇಕರ್‌ಗಳದ್ದು. ಜಾರ್ಜ್ ಫಾಕ್ಸ್ ನೇಕಾರನ ಮಗ, ಚಮ್ಮಾರನ ಹತ್ತಿರ ಕೆಲಸ ಕಲಿತವನು. ಪ್ರತಿ ಮನುಷ್ಯನ ಒಳಗೂ ದೇವರ ಬೆಳಕು ಇದೆ, ಅದಕ್ಕೆ ಪಾದ್ರಿಯೂ ಬೇಡ, ಚರ್ಚಿನ ಕಟ್ಟಡವೂ ಬೇಡ ಅಂದ. ದೇವರ ಮಾತಿಗೆ ನಡುಗಿರಿ ಅಂತ ಜಡ್ಜಿಗೇ ಹೇಳಿದ್ದಕ್ಕೆ 1650ರಲ್ಲಿ ಆ ಜಡ್ಜು ಅವನನ್ನು 'ನಡುಗುವವನು' ಅಂತ ಹಂಗಿಸಿದ. ಕ್ವೇಕರ್ ಅನ್ನುವ ಹೆಸರು ಬಂದದ್ದು ಹಾಗೆ. 1652ರಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ಚಳವಳಿ ಹಬ್ಬಿತು. ಸ್ವಾರ್ತ್‌ಮೂರ್ ಹಾಲ್ ಎಂಬ ಮನೆಯ ಯಜಮಾನಿ ಮಾರ್ಗರೆಟ್ ಫೆಲ್ ಅದಕ್ಕೆ ನೆಲೆ ಕೊಟ್ಟಳು.

ಇವರು ಮಾಡಿದ ಒಂದು ಕೆಲಸ ಇಂಗ್ಲಿಷರಿಗಿಂತ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಆಗಿನ ಇಂಗ್ಲಿಷಿನಲ್ಲಿ ನಮ್ಮ ನೀನು-ನೀವು ಇತ್ತು. 'ದೌ' ಅಂದರೆ ನೀನು, 'ಯೂ' ಅಂದರೆ ನೀವು. ದೊಡ್ಡವರಿಗೆ ಯೂ, ಆಳಿಗೆ ದೌ. ಕ್ವೇಕರ್‌ಗಳು ಎಲ್ಲರಿಗೂ ದೌ ಅಂದರು. ಜಡ್ಜಿಗೂ, ಜಮೀನ್ದಾರನಿಗೂ, ಅಪ್ಪನಿಗೂ. ಟೋಪಿಯನ್ನೂ ತೆಗೆಯಲಿಲ್ಲ. ಇವತ್ತು ನಮ್ಮ ಯಾವುದಾದರೂ ಆಫೀಸಿನಲ್ಲಿ ದೊಡ್ಡ ಅಧಿಕಾರಿಯ ಮುಂದೆ ಹೋಗಿ, ಕೋಪವಿಲ್ಲದೆ, ಶಾಂತವಾಗಿ "ನೀನು ಹೇಳಿದ್ದು ಸರಿಯಿಲ್ಲ" ಅಂದರೆ ಹೇಗಿರುತ್ತದೆ ಊಹಿಸಿಕೊಳ್ಳಿ. ಬರೀ ಸರ್ವನಾಮಕ್ಕೇ ಒದೆ ತಿಂದರು. ಈಗಿನ ಇಂಗ್ಲಿಷಿನಲ್ಲಿ ದೌ ಸತ್ತು ಎಲ್ಲರೂ ಯೂ ಆಗಿದ್ದಾರೆ, ಆದ್ದರಿಂದ ಈ ಪಾಠ ಓದುವ ಇಂಗ್ಲಿಷ್ ಹುಡುಗರಿಗೆ ಆ ಏಟಿನ ಬಿಸಿ ತಟ್ಟುವುದಿಲ್ಲ.

ಪ್ರಮಾಣವನ್ನೂ ಮಾಡಲಿಲ್ಲ. ಯಾವಾಗಲೂ ನಿಜ ಹೇಳುವವನಿಗೆ ಕೋರ್ಟಿನಲ್ಲಿ ಮಾತ್ರ ಆಣೆ ಯಾಕೆ ಅನ್ನುವುದು ಅವರ ವಾದ. ಇದಕ್ಕಾಗಿ ಜೈಲಿಗೆ ಹೋಗಿ ಹೋಗಿ, ಕೊನೆಗೆ 1690ರ ದಶಕದಲ್ಲಿ ಪಾರ್ಲಿಮೆಂಟು ಸೋತು ಆಣೆಯ ಬದಲು 'ದೃಢೀಕರಿಸುತ್ತೇನೆ' ಅನ್ನಲು ಬಿಟ್ಟಿತು. ನಮ್ಮ ಮಂತ್ರಿಗಳು, ಶಾಸಕರು ದೇವರ ಹೆಸರು ಹೇಳದೆಯೂ ಪ್ರಮಾಣವಚನ ತೆಗೆದುಕೊಳ್ಳಬಹುದಲ್ಲ, ಆ ಎರಡನೇ ದಾರಿಯ ಹಳೆಯ ಬೇರು ಇಲ್ಲಿದೆ.

ಶುರುವಿನ ಕ್ವೇಕರ್‌ಗಳು ಈಗಿನಷ್ಟು ಶಾಂತರಾಗಿರಲಿಲ್ಲ. 1656ರ ಅಕ್ಟೋಬರಿನಲ್ಲಿ ಜೇಮ್ಸ್ ನೇಯ್ಲರ್ ಸುರಿಯುವ ಮಳೆಯಲ್ಲಿ ಕುದುರೆ ಮೇಲೆ ಬ್ರಿಸ್ಟಲ್ ಊರೊಳಗೆ ಬಂದ. ಹೆಂಗಸರು ಕುದುರೆ ಹಿಡಿದು, 'ಪವಿತ್ರ, ಪವಿತ್ರ' ಅಂತ ಹಾಡುತ್ತಾ ನಡೆದರು. ಯೇಸು ಜೆರುಸಲೇಮಿಗೆ ಬಂದ ಹಾಗೆ. ಕ್ರಿಸ್ತ ಎಲ್ಲರೊಳಗೂ ಇದ್ದಾನೆ ಅನ್ನುವುದರ ಗುರುತು ಇದು ಅಂದ. ಪಾರ್ಲಿಮೆಂಟಿಗೆ ಅಷ್ಟು ಸೂಕ್ಷ್ಮ ಬೇಕಿರಲಿಲ್ಲ. ದಿನಗಟ್ಟಲೆ ಚರ್ಚೆ ಮಾಡಿತು. ಮರಣದಂಡನೆ 96-82 ಮತಗಳಿಂದ ತಪ್ಪಿತು. ಬದಲಿಗೆ ಸಿಕ್ಕಿದ್ದು 310 ಚಾಟಿ ಏಟು, ಕಾದ ಕಬ್ಬಿಣದಿಂದ ನಾಲಿಗೆಗೆ ತೂತು, ಹಣೆಗೆ ದೇವನಿಂದಕ ಅನ್ನುವುದರ ಮೊದಲ ಅಕ್ಷರದ ಬರೆ. ಧರ್ಮ ಸಹಿಷ್ಣುತೆಯ ಮಾತಾಡುತ್ತಿದ್ದ ಕ್ರಾಮ್‌ವೆಲ್‌ನ ಕಾಲದಲ್ಲೇ ನಡೆದದ್ದು ಇದು.

ಫಿಫ್ತ್ ಮೊನಾರ್ಕಿಸ್ಟರು ಬೈಬಲ್ಲಿನ ದಾನಿಯೇಲನ ಕನಸನ್ನು ಹಿಡಿದುಕೊಂಡವರು. ನಾಲ್ಕು ಸಾಮ್ರಾಜ್ಯಗಳು ಬಿದ್ದ ಮೇಲೆ ಐದನೆಯದು ಯೇಸುವಿನದು, ಅದು ಇನ್ನೇನು ಬಂತು ಅನ್ನುವುದು ಅವರ ಲೆಕ್ಕ. 1660ರಲ್ಲಿ ಬಂದದ್ದು ಯೇಸುವಲ್ಲ, ತಲೆ ಕಳೆದುಕೊಂಡ ರಾಜನ ಮಗ ಎರಡನೇ ಚಾರ್ಲ್ಸ್. 1661ರ ಜನವರಿಯಲ್ಲಿ ಥಾಮಸ್ ವೆನ್ನರ್ ಅನ್ನುವ ಪೀಪಾಯಿ ಮಾಡುವವನು ಸುಮಾರು 50 ಜನರೊಂದಿಗೆ ಲಂಡನ್ ಬೀದಿಯಲ್ಲಿ ಕತ್ತಿ ಹಿಡಿದ. ಕೆಲವು ದಿನ ಊರನ್ನೇ ನಡುಗಿಸಿ ಕೊನೆಗೆ ಗಲ್ಲಿಗೇರಿದ. ಅದರ ಏಟು ಬಿದ್ದದ್ದು ಕ್ವೇಕರ್‌ಗಳ ಮೇಲೆ. ಎಲ್ಲರೂ ಒಂದೇ ಅಂತ ಸರ್ಕಾರ ಸಾವಿರಾರು ಜನರನ್ನು ಜೈಲಿಗೆ ತುಂಬಿತು. ಅದೇ ತಿಂಗಳು ಫಾಕ್ಸ್ ಮತ್ತು ಜೊತೆಯವರು, ಯಾವ ಕಾರಣಕ್ಕೂ ನಾವು ಆಯುಧ ಹಿಡಿಯುವುದಿಲ್ಲ ಅಂತ ಬರೆದುಕೊಟ್ಟರು. ಕ್ವೇಕರ್‌ಗಳ ಪ್ರಸಿದ್ಧ ಶಾಂತಿವಾದ ಲಿಖಿತವಾಗಿ ಗಟ್ಟಿಯಾದದ್ದು ಹೀಗೆ, ನಂಬಿಕೆ ಅರ್ಧ, ಜೀವ ಉಳಿಸಿಕೊಳ್ಳುವ ಅಗತ್ಯ ಅರ್ಧ. ವಿಶ್ವವಿದ್ಯಾಲಯ, ಸರ್ಕಾರಿ ಹುದ್ದೆ ಎರಡರ ಬಾಗಿಲೂ ಮುಚ್ಚಿದ್ದರಿಂದ ಅವರ ಮಕ್ಕಳು ಮೊಮ್ಮಕ್ಕಳು ವ್ಯಾಪಾರಕ್ಕೆ ಇಳಿದರು. ಚೌಕಾಸಿ ಇಲ್ಲದೆ ಒಂದೇ ಬೆಲೆ ಹೇಳುವವರು ಅಂತ ಹೆಸರು ಪಡೆದರು. ನಿಮ್ಮ ಮಗುವಿನ ಕೈಯಲ್ಲಿರುವ ಕ್ಯಾಡ್‌ಬರಿ ಚಾಕೊಲೇಟಿನ ಮೂಲ ಮನೆತನ ಕ್ವೇಕರ್‌ಗಳದ್ದು.

ಇಷ್ಟೆಲ್ಲ ಓದಿ ಇಡೀ ಇಂಗ್ಲೆಂಡೇ ಹೀಗೆ ಕುದಿಯುತ್ತಿತ್ತು ಅಂದುಕೊಂಡರೆ ತಪ್ಪು. ಸುಮಾರು 50 ಲಕ್ಷ ಜನರ ದೇಶದಲ್ಲಿ ಇವರು ಒಂದು ಹಿಡಿ. 1647ರಲ್ಲಿ ಪಾರ್ಲಿಮೆಂಟು ಕ್ರಿಸ್‌ಮಸ್ ಹಬ್ಬವನ್ನೇ ರದ್ದು ಮಾಡಿತ್ತು. ಆ ಡಿಸೆಂಬರಿನಲ್ಲಿ ಕ್ಯಾಂಟರ್‌ಬರಿಯಲ್ಲಿ ಜನ ದಂಗೆ ಎದ್ದರು. ಮತಕ್ಕಾಗಿ ಅಲ್ಲ, ಭೂಮಿಗಾಗಿಯೂ ಅಲ್ಲ, ತಮ್ಮ ಹಬ್ಬಕ್ಕಾಗಿ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಬಹುಪಾಲು ಹೇಳಿಯಾಯಿತು. ಉಳಿದಿರುವುದು ಮಗಲ್ಟೋನಿಯನ್‌ಗಳು, ನನಗೆ ತೀರಾ ಇಷ್ಟದವರು. 1652ರಲ್ಲಿ ಲಂಡನ್ನಿನ ಇಬ್ಬರು ದರ್ಜಿಗಳು, ಜಾನ್ ರೀವ್ ಮತ್ತು ಲೋಡೊವಿಕ್ ಮಗಲ್ಟನ್, ಬೈಬಲ್ಲಿನ ಕೊನೆಯ ಪುಸ್ತಕದಲ್ಲಿ ಬರುವ ಇಬ್ಬರು ಸಾಕ್ಷಿಗಳು ನಾವೇ ಅಂತ ಘೋಷಿಸಿದರು. ದೇವರಿಗೆ ಮನುಷ್ಯನಂಥದೇ ದೇಹ ಇದೆ, ಐದಾರು ಅಡಿ ಎತ್ತರ ಅಂತ ಅವರು ನಂಬಿದ್ದರು. ಪ್ರಾರ್ಥನೆ ಇಲ್ಲ, ಚರ್ಚಿಲ್ಲ. ಪಬ್ಬಿನಲ್ಲಿ ಸೇರಿ ಹಾಡಿ, ಕುಡಿದು, ಮಾತಾಡಿ ಮನೆಗೆ ಹೋಗುತ್ತಿದ್ದರು. ಯಾರನ್ನೂ ಮತಕ್ಕೆ ಸೇರಿಸಲು ಹೋಗಲಿಲ್ಲ. ಬಹುಶಃ ಅದಕ್ಕೇ ಯಾರ ಕಣ್ಣಿಗೂ ಬೀಳದೆ ಉಳಿದುಕೊಂಡರು. ಎಲ್ಲರೂ ಅವರನ್ನು ಮರೆತೇಬಿಟ್ಟಿದ್ದರು. 1970ರ ದಶಕದಲ್ಲಿ ಇತಿಹಾಸಕಾರ ಇ. ಪಿ. ಥಾಂಪ್ಸನ್ ಹುಡುಕಾಡುತ್ತಾ ಹೋದಾಗ ಕೆಂಟ್ ಪ್ರಾಂತ್ಯದ ಒಬ್ಬ ಹಣ್ಣಿನ ಕೃಷಿಕ ಸಿಕ್ಕರು. ಹೆಸರು ಫಿಲಿಪ್ ನೋಕ್ಸ್. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬು ಬಿದ್ದು ಪಂಥದ ಓದುಮನೆ ಸುಟ್ಟಾಗ, ಉಳಿದ ಕಾಗದಪತ್ರಗಳನ್ನು ಅವರು ತಮ್ಮ ತೋಟಕ್ಕೆ ಸಾಗಿಸಿದ್ದರು. ಮೂರು ಶತಮಾನದ ಪತ್ರಗಳು, ಹಾಡುಗಳು, ಲೆಕ್ಕಗಳು, ಎಲ್ಲವೂ ಸೇಬು ತುಂಬುವ ಪೆಟ್ಟಿಗೆಗಳಲ್ಲಿದ್ದವು. ನೋಕ್ಸ್ 1979ರಲ್ಲಿ ತೀರಿಕೊಂಡರು. ಅವರೇ ಕೊನೆಯ ಮಗಲ್ಟೋನಿಯನ್ ಅನ್ನುತ್ತಾರೆ. ಆ ಪೆಟ್ಟಿಗೆಗಳಲ್ಲಿದ್ದದ್ದು ಈಗ, ಥಾಮಸನ್ ಕೂಡಿಟ್ಟ ಪುಸ್ತಿಕೆಗಳ ಹಾಗೆಯೇ, ಬ್ರಿಟಿಷ್ ಲೈಬ್ರರಿಯಲ್ಲಿದೆ.